ಎಸ್ಪೆರಾರ್

ನಲವತ್ತು ದಾಟಿದ ಮೇಲೆ ಹೊಸ ಭಾಷೆ ಕಲಿಯುವುದೆಂದರೆ, ಹಲ್ಲು ಹೋದಾಗ ಕಡಲೆ ಸಿಕ್ಕಂತೆ! ದಕ್ಷಿಣ ಅಮೆರಿಕದ ಮಿಷನ್ ಸೇವೆಗೆ ಹೊರಡುವ ಮುನ್ನ, 2024ರಲ್ಲಿ, ವಯನಾಡಿನ ಮಾನಂದವಾಡಿಯಲ್ಲಿ ಕುಳಿತು ನಾನು ಸ್ಪ್ಯಾನಿಷ್ ಕಲಿಯುತ್ತಿದ್ದೆ. ನನ್ನನ್ನು ಬಹಳ ಕಾಡಿದ ಕ್ರಿಯಾಪದ 'ಎಸ್ಪೆರಾರ್'.

'ಎಸ್ಪೆರೊ ಎಲ್ ಔಟೊಬುಸ್' ಎಂದರೆ ಬಸ್ಸಿಗೆ ಕಾಯುತ್ತಿದ್ದೇನೆ. 'ಎಸ್ಪೆರೊ ಕೆ ಬೆಂಗಾಸ್' ಎಂದರೆ ನೀನು ಬರುವೆಯೆಂಬ ನಿರೀಕ್ಷೆ ನನಗಿದೆ. 'ನೀನು ಬರುತ್ತೀ' ಎನ್ನಲು ಮಾಮೂಲಿಯಾಗಿ 'ಬಿಯೆನೆಸ್' ಸಾಕು. ಇಲ್ಲಿ ಮಾತ್ರ ಅದು 'ಬೆಂಗಾಸ್' ಆಗುತ್ತದೆ. ಏಕೆಂದರೆ ಬರುವುದು ಇನ್ನೂ ಖಚಿತವಿಲ್ಲ. ಬಸುರಿ ಹೆಂಗಸು ಮಗುವಿನ ದಾರಿ ನೋಡುವುದಕ್ಕೂ ಇದೇ ಪದ. ಕಾಯುವುದಕ್ಕೂ ನಿರೀಕ್ಷಿಸುವುದಕ್ಕೂ ಒಂದೇ ಪದವೇಕೆ? ಪುಸ್ತಕದಲ್ಲಿ ಉತ್ತರ ಸಿಗಲಿಲ್ಲ.

ಆ ವರ್ಷ ಜುಲೈ 30ರ ನಸುಕಿನಲ್ಲಿ ಗುಡ್ಡ ಕುಸಿದು, ಮುಂಡಕೈ, ಚೂರಲ್‌ಮಲ ಊರುಗಳು ಕೊಚ್ಚಿಹೋದವು. ಮೇಪ್ಪಾಡಿಯ ಪರಿಹಾರ ಶಿಬಿರಕ್ಕೆ ನಾನೂ ಹೋದೆ. ಅಲ್ಲಿ ಒಬ್ಬ ತಾಯಿ ಬಾಗಿಲ ಬಳಿ, ಒಂದು ತಟ್ಟೆ ಊಟ ಮುಚ್ಚಿಟ್ಟುಕೊಂಡು ಕುಳಿತಿದ್ದರು. ಮಗ ಸಿಕ್ಕಿರಲಿಲ್ಲ.

"ನಿರೀಕ್ಷೆ ಕಳೆದುಕೊಳ್ಳಬೇಡಿ ಅಮ್ಮ" ಎಂದೆ, ಸೆಮಿನರಿಯ ಪಾಠ ಒಪ್ಪಿಸಿದಂತೆ.

"ಅದೆಲ್ಲ ನನಗೆ ತಿಳಿಯದು ಅಚ್ಚಾ" ಎಂದರು ಅವರು ಮಲಯಾಳದಲ್ಲಿ. "ಬಂದರೆ ಹಸಿದಿರುತ್ತಾನಲ್ಲ, ಅದಕ್ಕೇ ಕೂತಿದ್ದೇನೆ."

ನನ್ನ ಮಾತಿಗೆ ನನಗೇ ನಾಚಿಕೆಯಾಯಿತು. ಸುಮ್ಮನೆ ಪಕ್ಕದಲ್ಲಿ ಕುಳಿತೆ. ರಾತ್ರಿಯಾದರೂ ಮಗ ಬರಲಿಲ್ಲ. ಆದರೆ ಆ ಪದದ ಅರ್ಥ ನನಗೆ ತಿಳಿದದ್ದು ಆ ತಟ್ಟೆಯಿಂದ. ಬರುವುದು ಖಚಿತವಿಲ್ಲದಿದ್ದರೂ ಊಟ ತೆಗೆದಿಟ್ಟು ಕಾಯುವುದೇ ನಿರೀಕ್ಷೆ.

ಪ್ರಿಯರೇ, ನಿಮ್ಮ ನೆರೆಮನೆಯಲ್ಲೂ ಯಾರಾದರೂ ಹೀಗೆ ಕಾಯುತ್ತಿರಬಹುದು. ಬುದ್ಧಿಮಾತು ಬೇಡ, ಸ್ವಲ್ಪ ಹೊತ್ತು ಪಕ್ಕದಲ್ಲಿ ಕುಳಿತು ಬನ್ನಿ.