ಕಿಟಕಿಯ ಪಕ್ಷವೂ ಹಕ್ಕಿಯ ಪಕ್ಷವೂ

ನಮ್ಮ ಶಾಲೆಯ ಸ್ಮರಣ ಸಂಚಿಕೆಗೆ ಒಂದು ಲೇಖನವನ್ನು ಬರೆದು ಕಳುಹಿಸಬೇಕೆಂದು ಮುಖ್ಯೋಪಾಧ್ಯಾಯಿನಿಯವರಿಂದ ಪತ್ರ ಬಂದಾಗ, ಏನನ್ನು ಬರೆಯಲೆಂದು ಬಹಳ ದಿನ ಯೋಚಿಸಿದೆನು. ಶಾಲೆಯ ಹಳೆಯ ದಿನಗಳ ಸಂತೋಷಗಳನ್ನು ನನಗಿಂತ ಚೆನ್ನಾಗಿ ವರ್ಣಿಸಬಲ್ಲ ಸಹಪಾಠಿಗಳು ಅನೇಕರಿದ್ದಾರೆ. ಆದಕಾರಣ, ಶಾಲೆಯನ್ನು ಬಿಟ್ಟು ಬಹುಕಾಲವಾದ ಮೇಲೆ ನಾನೂ ನನ್ನ ಗೆಳತಿಯೂ ಕೂಡಿ ಮಾಡಿದ ಒಂದು ತಪ್ಪನ್ನು ಇಲ್ಲಿ ಒಪ್ಪಿಕೊಳ್ಳಲು ಮನಸ್ಸು ಮಾಡಿದ್ದೇನೆ. ಆಕೆಯ ಒಪ್ಪಿಗೆಯನ್ನು ಪಡೆದೇ ಬರೆಯುತ್ತಿದ್ದೇನೆಂದು ಮೊದಲೇ ತಿಳಿಸುವುದು ಯುಕ್ತ.

ನಾವಿಬ್ಬರೂ ಎಂಟನೆಯ ತರಗತಿಯಿಂದ ಹತ್ತನೆಯ ತರಗತಿಯವರೆಗೆ ಒಂದೇ ಬೆಂಚಿನಲ್ಲಿ ಕುಳಿತವರು. ಕನ್ನಡ ಕಲಿಸುತ್ತಿದ್ದ ನಮ್ಮ ಉಪಾಧ್ಯಾಯಿನಿಯವರು ಬಹಳ ಶಿಸ್ತಿನವರು. ನಾವು ಏನನ್ನು ಬರೆದು ತೋರಿಸಿದರೂ, “ಇದನ್ನು ಗಟ್ಟಿಯಾಗಿ ಓದು, ಕಣ್ಣು ಬಿಟ್ಟ ತಪ್ಪನ್ನು ಕಿವಿ ಹಿಡಿಯುವುದು” ಎಂದು ಹೇಳುತ್ತಿದ್ದರು. ಈ ಮಾತು ಮುಂದೆ ನಮ್ಮ ಪಾಲಿಗೆ ಹೇಗೆ ನಿಜವಾಯಿತೆಂಬುದನ್ನು ಹೇಳುವೆನು.

ಮದುವೆಯಾದ ಮೇಲೆ ನಾನು ಲಗ್ಗೆರೆಗೆ ಬಂದು ನೆಲಸಿದೆನು. ಒಂದು ಕಾಲಕ್ಕೆ ಬೆಂಗಳೂರಿನ ಹೊರಗಿನ ಹಳ್ಳಿಯಾಗಿದ್ದ ಈ ಊರು, ಪೀಣ್ಯದ ಕಾರ್ಖಾನೆಗಳು ಬೆಳೆದಂತೆಲ್ಲ ತಾನೂ ಬೆಳೆದು ನಗರದಲ್ಲಿ ಸೇರಿಹೋಯಿತು. ಯಂತ್ರದ ಕೆಲಸಗಾರರೂ ಗಾರ್ಮೆಂಟ್ಸ್‌ನಲ್ಲಿ ಹೊಲಿಯುವ ಹೆಂಗಸರೂ ಇಲ್ಲಿ ಒತ್ತೊತ್ತಾಗಿ ವಾಸವಾಗಿದ್ದಾರೆ. ಅವರ ಹೆಣ್ಣುಮಕ್ಕಳು ಸಂಜೆಯ ಹೊತ್ತಿನಲ್ಲಿ ಕಂಪ್ಯೂಟರನ್ನು ಕಲಿಯಲೆಂದು 2009ರಲ್ಲಿ ನಮ್ಮ ಮನೆಯ ಮಹಡಿಯ ಕೋಣೆಯಲ್ಲಿ ಒಂದು ಚಿಕ್ಕ ತರಗತಿಯನ್ನು ಆರಂಭಿಸಿದೆವು. ನಾನು ಒಂದು ಕಛೇರಿಯಲ್ಲಿ ಗುಮಾಸ್ತೆಯಾಗಿದ್ದೆನು. ಗೆಳತಿಯು ಗಣಿತದ ಅಧ್ಯಾಪಕಿ. ಪರಿಚಯದವರೊಬ್ಬರ ಕಛೇರಿಯಿಂದ ಆರು ಹಳೆಯ ಕಂಪ್ಯೂಟರುಗಳು ದಾನವಾಗಿ ದೊರೆತವು. ಅವು ಮಹಡಿಯನ್ನು ಹತ್ತಿದ ದಿನವೇ ಜಗಳವೂ ಹತ್ತಿತು.

ಈ ಜಗಳದ ಮೂಲವನ್ನು ತಿಳಿಯದ ತಾಯಿತಂದೆಗಳಿಗಾಗಿ ಎರಡು ಮಾತು ಹೇಳಬೇಕು. ಕಂಪ್ಯೂಟರೆಂಬುದು ತಾನಾಗಿ ಏನನ್ನೂ ಮಾಡಲಾರದು. ಅದರ ಅಂಗಾಂಗಗಳನ್ನು ನಡೆಯಿಸಿ, ನಾವು ಬರೆದುದನ್ನು ಇಡಲೂ ತೆಗೆಯಲೂ ನೆರವಾಗುವ ಒಂದು ಮೂಲ ತಂತ್ರಾಂಶವು ಬೇಕು. ಅದಕ್ಕೆ ಆಪರೇಟಿಂಗ್ ಸಿಸ್ಟಂ ಎಂದು ಹೆಸರು. ಮೈಕ್ರೋಸಾಫ್ಟ್ ಸಂಸ್ಥೆಯು 1985ರಲ್ಲಿ ಹೊರತಂದ ವಿಂಡೋಸ್ ಎಂಬುದು ಕಛೇರಿಗಳಲ್ಲಿಯೂ ಮನೆಗಳಲ್ಲಿಯೂ ಬಹಳವಾಗಿ ಹರಡಿತು. ಇತ್ತ ರಿಚರ್ಡ್ ಸ್ಟಾಲ್‌ಮನ್ನರು, ತಂತ್ರಾಂಶವನ್ನು ಯಾರು ಬೇಕಾದರೂ ಬಿಚ್ಚಿ ನೋಡಿ, ತಿದ್ದಿ, ಹಂಚುವ ಸ್ವಾತಂತ್ರ್ಯವಿರಬೇಕೆಂದು 1983ರಲ್ಲಿ ಗ್ನೂ ಎಂಬ ಯೋಜನೆಯನ್ನು ಪ್ರಕಟಿಸಿದರು. 1991ರಲ್ಲಿ ಫಿನ್‌ಲೆಂಡಿನ ಲಿನಸ್ ಟೊರ್ವಾಲ್ಡ್ಸ್ ಎಂಬ 21 ವರ್ಷದ ವಿದ್ಯಾರ್ಥಿಯು ಲಿನಕ್ಸನ್ನು ಬರೆಯತೊಡಗಿದನು. ಇವೆರಡರ ಕೂಡುವಿಕೆಯಿಂದಾದ ವ್ಯವಸ್ಥೆಯನ್ನು ಹಣ ಕೊಡದೆಯೂ ಪಡೆಯಬಹುದು. ಪೆಂಗ್ವಿನ್ ಹಕ್ಕಿಯು ಅದರ ಗುರುತು.

ಇವೆರಡನ್ನು ಬಳಸುವವರ ನಡುವೆ ಆಗ ಇದ್ದ ವೈರವು ಸಾಮಾನ್ಯವಾದುದಲ್ಲ. 2001ರಲ್ಲಿ ಮೈಕ್ರೋಸಾಫ್ಟಿನ ಮುಖ್ಯಾಧಿಕಾರಿಗಳಾಗಿದ್ದ ಸ್ಟೀವ್ ಬಾಲ್ಮರ್ ಅವರು ಲಿನಕ್ಸನ್ನು ಅರ್ಬುದರೋಗಕ್ಕೆ ಹೋಲಿಸಿದ್ದರು. ಅದೇ ವರ್ಷ ನಮ್ಮ ಬೆಂಗಳೂರಿನಲ್ಲಿ ಲಿನಕ್ಸ್ ಅಭಿಮಾನಿಗಳ ಸಮ್ಮೇಳನವು ನಡೆಯಿತು. ಭಾರತೀಯ ವಿಜ್ಞಾನ ಸಂಸ್ಥೆಯ ಅಧ್ಯಾಪಕರು ಇತರರೊಡನೆ ಕೂಡಿ ಬಡವರಿಗಾಗಿ ರಚಿಸಿದ ಸಿಂಪ್ಯೂಟರ್ ಎಂಬ ಕೈಗಣಕವೂ ಲಿನಕ್ಸಿನಿಂದಲೇ ನಡೆಯುತ್ತಿದ್ದಿತು. ಹೀಗಿರುವಲ್ಲಿ ಲೋಕದ ಈ ಜಗಳವು ಲಗ್ಗೆರೆಯ ಮಹಡಿಯನ್ನು ಮಾತ್ರ ಬಿಟ್ಟೀತೆ?

ನಾನು ವಿಂಡೋಸಿನ ಪಕ್ಷದವಳು. “ಈ ಹುಡುಗಿಯರಿಗೆ ನಾಳೆ ಕೆಲಸ ಬೇಕು. ಪೀಣ್ಯದ ಕಛೇರಿಯಲ್ಲಿ ಯಾವುದನ್ನು ಮೇಜಿನ ಮೇಲೆ ಇಟ್ಟಿರುತ್ತಾರೋ ಅದನ್ನೇ ಕಲಿಸೋಣ” ಎಂದೆನು. ಗೆಳತಿಯು ಲಿನಕ್ಸಿನ ಪಕ್ಷದವಳು. “ಬೆಲೆ ಕೊಡದೆ ಕದ್ದ ಪ್ರತಿಯನ್ನು ಹಾಕಿಕೊಂಡು ಮಕ್ಕಳಿಗೆ ಪಾಠ ಹೇಳುವೆಯಾ? ನೆರೆಯ ಕೇರಳದ ಸರ್ಕಾರಿ ಶಾಲೆಗಳಲ್ಲಿ ಸ್ವತಂತ್ರ ತಂತ್ರಾಂಶದಿಂದಲೇ ಕಲಿಸುತ್ತಿರುವರು. ಇವರು ಒಳಗನ್ನು ನೋಡಿ ಕಲಿಯಲಿ” ಎಂದಳು. ಇಬ್ಬರ ಮಾತಿನಲ್ಲಿಯೂ ನ್ಯಾಯವಿದ್ದಿತು, ಅದೇ ತೊಂದರೆಯಾಯಿತು. ಸುಳ್ಳಿನ ಪರವಾಗಿ ಹಟ ಹಿಡಿದವಳಿಗೆ ಎಂದಾದರೂ ನಾಚಿಕೆಯಾದೀತು; ಅರ್ಧ ಸತ್ಯದ ಪರವಾಗಿ ಹಟ ಹಿಡಿದವಳಿಗೆ ಆ ನಾಚಿಕೆಯೂ ಇಲ್ಲ.

ಆರು ಯಂತ್ರಗಳಲ್ಲಿ ಮೂರಕ್ಕೆ ವಿಂಡೋಸ್ ಎಕ್ಸ್‌ಪಿಯ ಪರವಾನಗಿಯ ಚೀಟಿ ಅಂಟಿಸಿದ್ದಿತು. ಉಳಿದ ಮೂರಕ್ಕೆ ಇರಲಿಲ್ಲ. ಆದಕಾರಣ ಮೊದಲ ಮೂರು ನನ್ನವಾದವು. ಉಳಿದ ಮೂರಕ್ಕೆ ಆಕೆಯು ಉಬುಂಟು ಎಂಬ ಲಿನಕ್ಸನ್ನು ಹಾಕಿದಳು. ಕೋಣೆಯ ನಡುವೆ ಗೆರೆ ಎಳೆಯದಿದ್ದರೂ ಗೆರೆ ಬಿದ್ದಿತು. ಒಂದು ತಿಂಗಳೊಳಗಾಗಿ ಹುಡುಗಿಯರೂ ತಮ್ಮನ್ನು ಕಿಟಕಿಯ ಪಕ್ಷ, ಹಕ್ಕಿಯ ಪಕ್ಷವೆಂದು ಕರೆದುಕೊಂಡು, ಒಬ್ಬರ ಯಂತ್ರವು ತಡವಾಗಿ ಎದ್ದರೆ ಮತ್ತೊಬ್ಬರು ಕೈತಟ್ಟಿ ನಗತೊಡಗಿದರು. ನಾವು ಅವರನ್ನು ಗದರಿಸಲಿಲ್ಲ. ನಿಜವನ್ನು ಹೇಳಬೇಕಾದರೆ, ನಮ್ಮ ಪಕ್ಷದವರು ನಕ್ಕಾಗ ನಮಗೂ ಒಳಗೊಳಗೆ ಹಿತವಾಗುತ್ತಿದ್ದಿತು.

2011ರಲ್ಲಿ ನಮ್ಮ ಕನ್ನಡದ ಉಪಾಧ್ಯಾಯಿನಿಯವರನ್ನು ಕಾಣಲು ಹೋದೆವು. ಅವರಿಗೆ ವಯಸ್ಸಾಗಿ ದೃಷ್ಟಿ ಮಂದವಾಗುತ್ತಿದ್ದಿತು. ತಾವು ಕೆಲಸಮಾಡಿದ ಹಳ್ಳಿಗಳಲ್ಲಿ ಹೆಂಗಸರು ರಾಗಿ ಬೀಸುವಾಗಲೂ ಪೈರು ನಾಟಿಮಾಡುವಾಗಲೂ ಹೇಳುತ್ತಿದ್ದ ಪದಗಳನ್ನೂ, ಮನೆಮದ್ದುಗಳನ್ನೂ, ತಮ್ಮ ನೆನಪುಗಳನ್ನೂ ಅವರು ಎರಡು ದಪ್ಪ ನೋಟುಪುಸ್ತಕಗಳಲ್ಲಿ ಬರೆದಿಟ್ಟಿದ್ದರು. ಅವನ್ನು ನಮ್ಮ ಕೈಗಿತ್ತು, “ಅಚ್ಚಿನ ಅಕ್ಷರದಲ್ಲಿ ಒಮ್ಮೆ ನೋಡುವ ಆಸೆ ಇದೆ, ಮಕ್ಕಳೇ. ಬೇಗ ಮಾಡಿಕೊಡಿರಿ” ಎಂದರು.

ಮೊದಲನೆಯ ಪುಸ್ತಕವನ್ನು ನನ್ನ ಹುಡುಗಿಯರೂ ಎರಡನೆಯದನ್ನು ಆಕೆಯ ಹುಡುಗಿಯರೂ ಬೆರಳಚ್ಚು ಮಾಡುವುದೆಂದು ನಿಶ್ಚಯವಾಯಿತು. ಯಾರು ಮೊದಲು ಮುಗಿಸುವರೆಂಬ ಪಂದ್ಯವೂ ಸೇರಿತು. ಎರಡು ತಿಂಗಳಲ್ಲಿ ನಾವೇ ಮೊದಲು ಮುಗಿಸಿದೆವು. ಆ ಸಂಜೆ ಎರಡು ಭಾಗಗಳನ್ನು ಒಂದುಗೂಡಿಸಲೆಂದು ನಮ್ಮ ಫೈಲನ್ನು ಆಕೆಯ ಯಂತ್ರದಲ್ಲಿ ತೆರೆದಾಗ, ಬೀಸುವ ಪದಗಳಿರಬೇಕಾದಲ್ಲಿ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳೂ ಚಿಹ್ನೆಗಳೂ ಪುಟಪುಟವಾಗಿ ಸುರಿದಿದ್ದವು. “ನೋಡು, ನಿನ್ನ ಹಕ್ಕಿಗೆ ಕನ್ನಡ ಬಾರದು” ಎಂದೆನು. “ಕನ್ನಡ ಬಾರದ್ದು ನಿನ್ನ ಫೈಲಿಗೆ” ಎಂದಳು. ಮಾತಿಗೆ ಮಾತು ಬೆಳೆದು, ಮೂವತ್ತು ವರ್ಷಗಳ ಸ್ನೇಹದಲ್ಲಿ ಎಂದೂ ಆಡದಿದ್ದ ಮಾತುಗಳನ್ನು ಮಕ್ಕಳ ಎದುರಿಗೇ ಆಡಿದೆವು. ಆಕೆಯು ಬೀಗದ ಕೈಯನ್ನು ಮೇಜಿನ ಮೇಲೆ ಇಟ್ಟು ಇಳಿದುಹೋದಳು. ಏಳು ತಿಂಗಳು ನಮ್ಮ ಮೆಟ್ಟಿಲನ್ನು ಹತ್ತಲಿಲ್ಲ, ನಾನೂ ಕರೆಯಲಿಲ್ಲ.

ತಪ್ಪು ಯಾರದೆಂಬುದನ್ನು ಈಗ ಹೇಳಬೇಕು. ಅದು ವಿಂಡೋಸಿನದೂ ಅಲ್ಲ, ಲಿನಕ್ಸಿನದೂ ಅಲ್ಲ, ನನ್ನದು. ಕಛೇರಿಯ ರೂಢಿಯಂತೆ ನಾನು ಹುಡುಗಿಯರಿಗೆ ಹಳೆಯ ಬಗೆಯ ಒಂದು ಕನ್ನಡ ಫಾಂಟಿನಲ್ಲಿ ಬರೆಯಿಸಿದ್ದೆನು. ಅಂತಹ ಫಾಂಟುಗಳಲ್ಲಿ ಕಂಪ್ಯೂಟರು ಒಳಗೆ ಬರೆದಿಟ್ಟುಕೊಳ್ಳುವುದು ಇಂಗ್ಲಿಷ್ ಮೊದಲಾದ ಲಿಪಿಯ ಚಿಹ್ನೆಗಳ ಸಂಖ್ಯೆಗಳನ್ನೇ. ಅವುಗಳಿಗೆ ಕನ್ನಡದ ಆಕಾರವನ್ನು ಮಾತ್ರ ತೊಡಿಸಿರುತ್ತದೆ. ಬಯಲಾಟದಲ್ಲಿ ಕಿರೀಟವಿರುವವರೆಗೆ ಅವನು ಅರ್ಜುನ. ಕಿರೀಟವನ್ನು ತೆಗೆದರೆ ಪಕ್ಕದ ಮನೆಯವನು. ಆ ಫಾಂಟು ಇಲ್ಲದ ಯಂತ್ರದಲ್ಲಿ ವೇಷ ಕಳಚಿ ನಿಜರೂಪವು ಕಾಣಿಸಿಕೊಂಡಿತು. ಯೂನಿಕೋಡ್ ಎಂಬ ವಿಧಾನದಲ್ಲಿಯಾದರೋ ಲೋಕದ ಲಿಪಿಗಳ ಪ್ರತಿಯೊಂದು ಅಕ್ಷರಕ್ಕೂ ಅದರದೇ ಆದ ಸಂಖ್ಯೆಯುಂಟು. ನಮ್ಮ ‘ಕ’ಕಾರದ ಸಂಖ್ಯೆ 3221, ಅದು ಬೇರೆ ಯಾವ ಅಕ್ಷರಕ್ಕೂ ಸೇರದು. 1991ರ ಮೊದಲನೆಯ ಯೂನಿಕೋಡಿನಲ್ಲಿಯೇ ಕನ್ನಡಕ್ಕೆ ಸ್ಥಾನವಿದ್ದಿತು. 2001ರಲ್ಲಿ ಬಂದ ವಿಂಡೋಸ್ ಎಕ್ಸ್‌ಪಿಯಲ್ಲಿ ತುಂಗಾ ಎಂಬ ಯೂನಿಕೋಡ್ ಫಾಂಟೂ ಇದ್ದಿತು. ಅಂದರೆ ಬೇಕಾದ ಸಾಧನವು ಹತ್ತು ವರ್ಷಗಳಿಂದ ನನ್ನ ಕಿಟಕಿಯೊಳಗೇ ಇದ್ದರೂ ನಾನು ನೋಡಿರಲಿಲ್ಲ. ಗೆಳತಿಯು ಕಾರಣವನ್ನು ತಿಳಿದಿದ್ದಳು. ಆದರೆ ಅದನ್ನು ವಿವರಿಸುವ ಬದಲು ನನ್ನನ್ನು ಸೋಲಿಸಲು ಬಳಸಿದಳು. ಇದು ಆಕೆಯೇ ನನ್ನಿಂದ ಬರೆಯಿಸಿದ ವಾಕ್ಯ.

ಆ ಏಳು ತಿಂಗಳಲ್ಲಿ ಹಕ್ಕಿಯ ಪಕ್ಷದ ಹುಡುಗಿಯರು ಒಬ್ಬೊಬ್ಬರಾಗಿ ಬರುವುದನ್ನು ನಿಲ್ಲಿಸಿದರು. ಒಬ್ಬಳು ಮಾತ್ರ ಬರುತ್ತಿದ್ದಳು. ಒಂಬತ್ತನೆಯ ತರಗತಿಯವಳು, ತಾಯಿ ಗಾರ್ಮೆಂಟ್ಸ್‌ನಲ್ಲಿ ಹೊಲಿಯುವಾಕೆ. ತಾಯಿಯು ಕೆಲಸದಿಂದ ಮರಳುವವರೆಗೆ ಮೂಲೆಯ ಯಂತ್ರದ ಮುಂದೆ ಕುಳಿತು ಏನನ್ನೋ ಮಾಡುತ್ತಿದ್ದಳು. ಒಂದು ಸಂಜೆ ಕಾಗದಗಳ ಒಂದು ಕಟ್ಟನ್ನು ತಂದು, “ಮಿಸ್, ಮೊದಲನೆಯ ಪುಸ್ತಕವೂ ಸರಿಯಾಯಿತು” ಎಂದಳು. ಹಳೆಯ ಫಾಂಟಿನ ಬರಹವನ್ನು ಯೂನಿಕೋಡಿಗೆ ಮಾರ್ಪಡಿಸುವ ಒಂದು ಸಣ್ಣ ತಂತ್ರಾಂಶವನ್ನು ತಾನೇ ಹುಡುಕಿಕೊಂಡಿದ್ದಳು. ಮಾರ್ಪಡಿಸುವಾಗ ಒತ್ತಕ್ಷರಗಳೂ ಅರ್ಕಾವತ್ತುಗಳೂ ಅಲ್ಲಲ್ಲಿ ಕೆಟ್ಟಿದ್ದವು. ಅವನ್ನು ನೋಟುಪುಸ್ತಕದೊಡನೆ ಸಾಲುಸಾಲಾಗಿ ಹೋಲಿಸಿ ತಿದ್ದಿದ್ದಳು. ಕಿಟಕಿಯ ಯಂತ್ರದಿಂದ ತೆಗೆದು ಹಕ್ಕಿಯ ಯಂತ್ರದಲ್ಲಿ ತಿದ್ದಿ, ಪುನಃ ಕಿಟಕಿಯ ಯಂತ್ರಕ್ಕೆ ತಂದು ಅಚ್ಚು ತೆಗೆದಿದ್ದಳು. “ಎರಡು ಕಡೆಗೂ ಹೇಗೆ ಹೋದೆ?” ಎಂದು ಕೇಳಿದೆನು. “ಆಗ ಯಾರೂ ಇರಲಿಲ್ಲವಲ್ಲ, ಮಿಸ್” ಎಂದಳು. ಆ ಉತ್ತರವನ್ನು ಕೇಳಿ ನಾನು ಬಹಳ ಹೊತ್ತು ಸುಮ್ಮನಿದ್ದೆನು. ಆ ರಾತ್ರಿಯೇ ಗೆಳತಿಯ ಮನೆಗೆ ಹೋಗಿ ಕ್ಷಮೆ ಬೇಡಿದೆನು; ಆಕೆಯೂ ಬೇಡಿದಳು.

ಮರುದಿನ ಮೂವರೂ ಉಪಾಧ್ಯಾಯಿನಿಯವರ ಬಳಿಗೆ ಹೋದೆವು. ಅವರು ಕಾಗದದ ಕಟ್ಟನ್ನು ತೊಡೆಯ ಮೇಲಿಟ್ಟು, ಮೊದಲನೆಯ ಪುಟವನ್ನು ಕಣ್ಣಿಗೆ ಹತ್ತಿರ ಹಿಡಿದು, ಸ್ವಲ್ಪ ಹೊತ್ತಿನ ಮೇಲೆ ಕೆಳಗಿಳಿಸಿದರು. “ಕಪ್ಪಗೆ ಸಾಲುಗಳು ತೋರುತ್ತವೆ, ಅಕ್ಷರ ತೋರುವುದಿಲ್ಲ. ಸಂಕ್ರಾಂತಿಯವರೆಗೂ ಒಂದಿಷ್ಟು ಕಾಣುತ್ತಿದ್ದಿತು” ಎಂದರು. ಸಂಕ್ರಾಂತಿಗೆ ಮೂರು ತಿಂಗಳು ಮೊದಲೇ ಆ ಪುಸ್ತಕವು ಅವರ ಕೈ ಸೇರಬಹುದಾಗಿತ್ತು. ಅವರು ನಮ್ಮನ್ನು ಏನೂ ಕೇಳಲಿಲ್ಲ. “ಗಟ್ಟಿಯಾಗಿ ಓದಮ್ಮ” ಎಂದು ಹುಡುಗಿಗೆ ಹೇಳಿದರು. ಆಕೆಯು ಓದಿದಳು. ನಾಲ್ಕನೆಯ ಪುಟದಲ್ಲಿ ಕೈಯೆತ್ತಿ ನಿಲ್ಲಿಸಿ, “ಅಲ್ಲಿ ಮಹಾಪ್ರಾಣವಿರಬೇಕು” ಎಂದರು. ನೋಟುಪುಸ್ತಕವನ್ನು ತೆರೆದು ನೋಡಿದರೆ ಹಾಗೆಯೇ ಇದ್ದಿತು. ಐದು ಸಂಜೆಗಳು ಹೀಗೆ ಓದಿಸಿಕೊಂಡು ಇಪ್ಪತ್ತಕ್ಕಿಂತ ಹೆಚ್ಚು ತಪ್ಪುಗಳನ್ನು ಕಿವಿಯಿಂದಲೇ ಹಿಡಿದರು. 2015ರಲ್ಲಿ ಅವರು ತೀರಿಕೊಂಡರು. ತಮ್ಮ ಪುಸ್ತಕವನ್ನು ಕೇಳಿದರು, ನೋಡಲಿಲ್ಲ.

ನಾವು ಯಾವುದಕ್ಕಾಗಿ ಹೋರಾಡಿದೆವೋ ಅದರ ಗತಿಯನ್ನೂ ಹೇಳುವೆನು. ನನ್ನ ಪ್ರೀತಿಯ ಎಕ್ಸ್‌ಪಿಗೆ ಮೈಕ್ರೋಸಾಫ್ಟಿನ ಬೆಂಬಲವು 2014ರ ಏಪ್ರಿಲ್ 8ರಂದು ಮುಗಿದುಹೋಯಿತು. ಒಂದು ಕಾಲಕ್ಕೆ ಲಿನಕ್ಸನ್ನು ರೋಗವೆಂದು ಕರೆದಿದ್ದ ಸಂಸ್ಥೆಯೇ 2016ರಲ್ಲಿ ಲಿನಕ್ಸ್ ಫೌಂಡೇಶನ್ನಿಗೆ ಸದಸ್ಯನಾಗಿ ಸೇರಿತು. ಲಗ್ಗೆರೆಯಲ್ಲಿ ಲಿನಕ್ಸಿನ ಹೆಸರನ್ನೇ ಕೇಳದವರ ಕೈಯಲ್ಲಿರುವ ಆಂಡ್ರಾಯ್ಡ್ ಫೋನುಗಳ ಒಳಗೂ ಲಿನಕ್ಸಿನ ತಿರುಳೇ ಇದೆ. ಸೇನಾಪತಿಗಳು ರಾಜಿಯಾಗಿ ಒಂದೇ ಪಂಕ್ತಿಯಲ್ಲಿ ಊಟಕ್ಕೆ ಕುಳಿತ ಮೇಲೂ ಕಾಲಾಳುಗಳಾದ ನಾವು ಕತ್ತಿ ಹಿರಿದುಕೊಂಡು ನಿಂತಿರುವುದುಂಟು.

ಹೀಗೆಂದ ಮಾತ್ರಕ್ಕೆ ಎರಡೂ ಒಂದೇ, ಯಾವುದಾದರೇನು ಎಂದು ನಾನು ಹೇಳುವುದಿಲ್ಲ. ಬೆಲೆಯ ಪ್ರಶ್ನೆ, ಸ್ವಾತಂತ್ರ್ಯದ ಪ್ರಶ್ನೆ, ಉದ್ಯೋಗದ ಪ್ರಶ್ನೆ ಇವೆಲ್ಲವೂ ನಿಜವಾದವುಗಳೇ. 2025ರ ಅಕ್ಟೋಬರ್ 14ರಂದು ವಿಂಡೋಸ್ 10ರ ಸಾಮಾನ್ಯ ಬೆಂಬಲವು ಮುಗಿದಾಗ, ವಿಂಡೋಸ್ 11ನ್ನು ಹಾಕಲು ತಕ್ಕುದಲ್ಲದ ನಮ್ಮ ಎರಡು ಯಂತ್ರಗಳಿಗೆ ಲಿನಕ್ಸನ್ನು ಹಾಕಿದೆವು. ಹಾಗೆ ಮಾಡೋಣವೆಂದವಳು ನಾನು. ಲೆಕ್ಕದ ಕೆಲಸಕ್ಕೆ ಸೇರುವ ಹುಡುಗಿಗೆ ವಿಂಡೋಸಿನಲ್ಲಿಯೇ ಅಭ್ಯಾಸ ಮಾಡಿಸುತ್ತೇವೆ. ಹಾಗೆ ಮಾಡಿಸುವವಳು ನನ್ನ ಗೆಳತಿ. ಕಲಿಯುವವಳಿಗೆ ಏನು ಬೇಕೆಂದು ಮೊದಲು ಕೇಳಿದರೆ, ನಮ್ಮ ವಾದಕ್ಕೆ ಒಂದು ಅಳತೆ ದೊರೆಯುತ್ತದೆ. ಅದನ್ನು ಕೇಳದೆ ಪಕ್ಷ ಹಿಡಿದರೆ, ನಷ್ಟವು ಪಕ್ಷದವರಿಗೆ ತಟ್ಟದೆ ಕಾಯುತ್ತಿರುವವರಿಗೆ ತಟ್ಟುತ್ತದೆ.

ಸಂಚಿಕೆಯನ್ನು ಓದುವ ಸಹೋದರಿಯರಲ್ಲಿ ಒಂದು ವಿಜ್ಞಾಪನೆ. ನಿಮ್ಮ ಮನೆಯ ಹಿರಿಯರ ಬರಹಗಳು ಹಳೆಯ ಫಾಂಟುಗಳಲ್ಲಿ ಎಲ್ಲಿಯಾದರೂ ಉಳಿದಿದ್ದರೆ, ಈಗಲೇ ತೆರೆದು ಯೂನಿಕೋಡಿಗೆ ಬದಲಾಯಿಸಿಕೊಳ್ಳಿರಿ. ಬದಲಾಯಿಸಿದ ಮೇಲೆ ಒಬ್ಬರು ಮೂಲವನ್ನು ಹಿಡಿದುಕೊಂಡಿರಲಿ, ಮತ್ತೊಬ್ಬರು ಗಟ್ಟಿಯಾಗಿ ಓದಲಿ. ಮೂಲದ ಕಾಗದವನ್ನು ಮಾತ್ರ ಎಸೆಯಬೇಡಿರಿ. ನೆರವು ಬೇಕಾದವರು ಶನಿವಾರದ ಸಂಜೆ ಲಗ್ಗೆರೆಯ ನಮ್ಮ ಮಹಡಿಗೆ ಬರಬಹುದು. ನಾವಿಬ್ಬರೂ ಅಲ್ಲಿರುತ್ತೇವೆ, ಕುಳಿತುಕೊಳ್ಳಲು ಒಂದು ಬೆಂಚೂ ಇದೆ.