ಅಂತರಗಂಗೆಗೆ ಉಣಿಸಬೇಡಿ
ಕಲ್ಲೂರಿನ ನಮ್ಮ ಹಿತ್ತಲ ಹೊಂಡದಲ್ಲಿ ದನ ನೀರು ಕುಡಿಯಬೇಕಾದರೆ ಮೊದಲು ಅಂತರಗಂಗೆ ಸರಿಸಬೇಕಿತ್ತು. ಹೂವಿನ ಚೆಲುವಿಗೆ ಮರುಳಾದವರು ದಕ್ಷಿಣ ಅಮೆರಿಕದಿಂದ ಲೋಕಕ್ಕೆಲ್ಲ ಹಂಚಿದ ಕಳೆಯಿದು. ಹದ ಸಿಕ್ಕರೆ ಎರಡೇ ವಾರದಲ್ಲಿ ಇಮ್ಮಡಿ! ಬಿಸಿಲು, ಗಾಳಿ ತಪ್ಪಿದ ನೀರಿನಲ್ಲಿ ಮೀನು ಸಾಯುತ್ತವೆ, ಸೊಳ್ಳೆಗೆ ಸುಗ್ಗಿ. 1980ರ ದಶಕದಲ್ಲಿ ಬೆಂಗಳೂರಿನ ಕೆರೆಗಳಿಗೆ ಇದನ್ನು ತಿನ್ನುವ ಮೂತಿಹುಳು ಬಿಟ್ಟಿದ್ದರು. ನಮ್ಮ ಪುಟ್ಟ ಹೊಂಡಕ್ಕೆ ಕೈಯೇ ಸಾಕು. ಔಷಧ ಹೊಡೆಯಲು ಅವ್ವ ಒಪ್ಪಲಿಲ್ಲ; ದನ ಕುಡಿಯುವ ನೀರಲ್ಲವೇ? ಸತ್ತ ಗಿಡ ತಳದಲ್ಲಿ ಕೊಳೆತರೆ ಮುಂದಿನ ಕಳೆಗೆ ಅದೇ ಗೊಬ್ಬರ. ಹಾಗಾಗಿ ಹಗ್ಗದಿಂದ ದಡಕ್ಕೆಳೆದು, ಬೇರುಸಹಿತ ಎತ್ತಿ, ಹೂಬಿಡುವ ಮೊದಲೇ ಒಣಗಿಸಿ ತಿಪ್ಪೆಗೆ ಹಾಕಿದೆವು. ಹೊಲದ ಯೂರಿಯಾ ನೀರು, ಕೊಟ್ಟಿಗೆಯ ಗಂಜಲ ಹೊಂಡ ಸೇರದಂತೆ ಒಡ್ಡು ಕಟ್ಟಿದೆವು. ಕಳೆ ಸೊರಗಿದ್ದು ಆಮೇಲೆಯೇ. ಈಗ ವಾರಕ್ಕೊಂದು ಬುಟ್ಟಿ ಎತ್ತಿದರೆ ಸಾಕು.