ಬಿಳಿ ಮಾರುತಿಯೂ ಒಂದು ತುಂಡು ವೈರೂ

ನಮ್ಮ ಬಿಳಿ ಮಾರುತಿಗೂ ನಮ್ಮ ಜಿಲ್ಲೆಗೂ ಹೆಚ್ಚುಕಡಿಮೆ ಒಂದೇ ವಯಸ್ಸು. 1997ರ ಆಗಸ್ಟಿನಲ್ಲಿ ಚಾಮರಾಜನಗರ ಮೈಸೂರಿನಿಂದ ಬೇರೆಯಾಗಿ ಜಿಲ್ಲೆಯಾಯಿತು. ಮರುವರ್ಷ ನನ್ನವರು ಪಿ.ಎಫ್. ಸಾಲ ತೆಗೆದು ಮಾರುತಿ 800 ಕೊಂಡರು. ಕೆಎ-10 ನಂಬರು ಹೊತ್ತು ಅದು ಮನೆಗೆ ಬಂದ ದಿನ ನಮ್ಮತ್ತೆ ಚಕ್ರಗಳಡಿ ನಿಂಬೆಹಣ್ಣಿಟ್ಟು, "ಒಳ್ಳೆ ಮೊಲದ ಮರಿ ಇದ್ದಂಗಿದೆ" ಎಂದಿದ್ದರು. ಆ ಮೊಲದ ಮರಿ ಕಲ್ಲಟ್ಟಿಯ 36 ತಿರುವು ಹತ್ತಿ ನಮ್ಮನ್ನು ಊಟಿ ಮುಟ್ಟಿಸಿದೆ. ಖಾಸಗಿ ವಾಹನಗಳನ್ನು ಬೆಟ್ಟದ ಬುಡದಲ್ಲೇ ನಿಲ್ಲಿಸುವ ನಿಯಮ ಬರುವ ಮುಂಚೆ ಹಿಮವದ್ ಗೋಪಾಲಸ್ವಾಮಿ ಬೆಟ್ಟದ ನೆತ್ತಿಗೂ ಏರಿದೆ.

ನನ್ನವರು ಇರುವವರೆಗೆ ಅದರ ಬಾನೆಟ್ಟಿನೊಳಗೆ ನಾನು ಇಣುಕಿದವಳೇ ಅಲ್ಲ. ಓಡಿಸಲು ಬರುತ್ತಿತ್ತು, ಅಷ್ಟೆ. 2017ರಲ್ಲಿ ಅವರು ಹೋದ ಮೇಲೆ ಬೆಂಗಳೂರಿನ ಮಗ, "ಮಾರಿಬಿಡಮ್ಮ" ಎಂದ. ಗುಂಡ್ಲುಪೇಟೆಯಲ್ಲಿ ನನ್ನ ಅಮ್ಮ ಒಬ್ಬರೇ ಇದ್ದಾರೆ. ಸುಮಾರು 35 ಕಿಲೋಮೀಟರ್ ದೂರ. ನನಗೇನೋ ಬಸ್ಸಾದೀತು, ಅಮ್ಮನ ಮಂಡಿಗೆ ಬಸ್ಸಿನ ಮೆಟ್ಟಿಲು ಆಗದು. ಮೈಸೂರಿನ ಡಾಕ್ಟರ ಹತ್ತಿರ ಕರೆದೊಯ್ಯಲು ಕಾರು ಬೇಕೇ ಬೇಕು. ಅದಕ್ಕೂ ಮಿಗಿಲಾಗಿ, ಆ ಸ್ಟಿಯರಿಂಗಿನ ಮೇಲೆ ಅವರ ಕೈ ಸವೆಸಿದ ಗುರುತಿತ್ತು. ಮಗನಿಗೆ ಇದನ್ನು ಹೇಳಲಿಲ್ಲ.

2019ರ ಬೇಸಿಗೆಯಲ್ಲಿ ಕಾರು ಬಿಸಿಯಾಗತೊಡಗಿತು. ತೆರಕಣಾಂಬಿಯಲ್ಲಿ ಎರಡು ಟ್ರ್ಯಾಕ್ಟರುಗಳ ಹಿಂದೆ ಸಿಕ್ಕಿಕೊಂಡಾಗ ಮುಳ್ಳು ಕೆಂಪಿಗೆ ಹೋಯಿತು. ನಮ್ಮೂರಿನ ಒಂದು ಗ್ಯಾರೇಜಿಗೆ ಒಯ್ದೆ. ಜೊತೆಗೆ ಪಕ್ಕದ ಮನೆಯ ಪಿ.ಯು.ಸಿ. ಹುಡುಗ ಬಂದಿದ್ದ. ಗ್ಯಾರೇಜಿನವರು ಬಾನೆಟ್ ಎತ್ತಿ ನೋಡಿ ಮಾತಾಡಿದ್ದೆಲ್ಲ ಅವನ ಹತ್ತಿರವೇ! ಕಾರು ನನ್ನದು, ದುಡ್ಡು ನನ್ನದು. ವಿವರಣೆ ಮಾತ್ರ ಮೀಸೆ ಚಿಗುರುತ್ತಿದ್ದ ಆ ಹುಡುಗನಿಗೆ. "ಎಂಜಿನ್ ಇಳಿಸಿ ಬೋರ್ ಮಾಡಿಸ್ಬೇಕು, 28,000 ಆಗತ್ತೆ" ಎಂದರು. ಯೋಚಿಸಿ ಹೇಳುತ್ತೇನೆಂದು ಬಂದೆ.

ಗುಂಡ್ಲುಪೇಟೆಯಲ್ಲಿ ಗ್ಯಾರೇಜುಗಳಿಗೆ ಬರವಿಲ್ಲ. ಊಟಿಯ ದಾರಿ, ಕೇರಳದ ದಾರಿ ಎರಡೂ ಕವಲೊಡೆಯುವ ಊರು. ಹಾದುಹೋಗುವ ಪ್ರವಾಸಿ ಮತ್ತೆ ಬರುವವನಲ್ಲ, ಅವನಿಗೊಂದು ರೇಟು ಹೇಳಿದರೂ ನಡೆದೀತು. ಹಾಗಾಗಿ ದಿನವೂ ಊರಿನ ಗಿರಾಕಿಗಳ ಮುಖ ನೋಡಿಯೇ ಬದುಕಬೇಕಾದವರು ಯಾರೆಂದು ವಿಚಾರಿಸಿದೆ. ಅಮ್ಮನ ಬೀದಿಗೆ ಬರುವ ಹಾಲಿನ ಟೆಂಪೋದವನು ಒಬ್ಬರನ್ನು ತೋರಿಸಿದ. ಬೋರ್ಡಿಲ್ಲದ ಶೆಡ್ಡು, ಬೇವಿನ ಮರ, ಅರವತ್ತು ದಾಟಿದ ಮೇಸ್ತ್ರಿ.

ಅವರು ಬಾನೆಟ್ಟಿಗೆ ಕೈ ಹಾಕುವ ಮುಂಚೆ ನನ್ನನ್ನೇ ಕೇಳಿದರು: "ಓಡ್ತಾ ಇದ್ದಾಗ ಬಿಸಿಯಾಯ್ತದಾ ಅಕ್ಕಾವ್ರೆ, ನಿಂತಾಗಲಾ?"

ನಿಂತಾಗ ಮಾತ್ರ! ಅಲ್ಲಿಯವರೆಗೆ ಯಾರೂ ಕೇಳಿರಲಿಲ್ಲ, ನನಗೂ ಹೊಳೆದಿರಲಿಲ್ಲ. ಅವರು ಎಂಜಿನಿನ ಬಳಿ ಒಂದು ಸ್ವಿಚ್ಚಿನಿಂದ ಕನೆಕ್ಷನ್ ಕಳಚಿ, ಅದರೊಳಗಿನ ಎರಡು ತುದಿಗಳಿಗೆ ತುಂಡು ವೈರು ಸಿಕ್ಕಿಸಿದರು. ಮುಂದಿನ ಫ್ಯಾನು ಗುರ್ ಎಂದು ತಿರುಗಿತು. "ಫ್ಯಾನು ಸರಿಯಾಗದೆ, ಸ್ವಿಚ್ ಸತ್ತದೆ. ಓಡ್ವಾಗ ಗಾಳಿ ತಾನೇ ನುಗ್ಗಿ ರೇಡಿಯೇಟರ್ ತಣ್ಣಗಾಯ್ತದೆ. ನಿಂತಾಗ ಫ್ಯಾನೇ ದಿಕ್ಕು. ಎಂಜಿನ್ ಯಾತಕ್ಕೆ ಬಿಚ್ಬೇಕು, ಬುಡಿ."

ಕೂಲಿ ಸೇರಿ 650 ರೂಪಾಯಿ. ಸತ್ತ ಸ್ವಿಚ್ಚನ್ನು ಪೇಪರಿನಲ್ಲಿ ಸುತ್ತಿ ನನ್ನ ಕೈಗೇ ಕೊಟ್ಟರು.

ಅಷ್ಟಕ್ಕೇ ನಂಬಿಬಿಟ್ಟೆನೆಂದು ತಿಳಿಯಬೇಡಿ. ಮುಂದಿನ ಸಲ ಮೈಸೂರಿಗೆ ಹೋದಾಗ ಬಿಡಿಭಾಗದ ಅಂಗಡಿಯಲ್ಲಿ ಆ ಸ್ವಿಚ್ಚಿನ ಬೆಲೆ ಕೇಳಿದೆ. ಹತ್ತು ರೂಪಾಯಿಯ ವ್ಯತ್ಯಾಸ! ನನಗೇ ನಾಚಿಕೆಯಾಯಿತು, ಆದರೂ ಕೇಳಿದ್ದು ಒಳ್ಳೆಯದೇ ಆಯಿತು.

ಆಮೇಲೆ ನಾಲ್ಕು ವರ್ಷ ಕಾರು ಅವರ ಕೈಯಲ್ಲೇ ಇತ್ತು. ಈಗಿನ ಕಾರುಗಳಿಗೆ ಸ್ಕ್ಯಾನರ್ ಚುಚ್ಚಿದರೆ ರೋಗದ ನಂಬರು ಬರುತ್ತದೆ. ನನ್ನದು ಕಾರ್ಬುರೇಟರ್ ಕಾರು, ಚುಚ್ಚಲು ಜಾಗವೇ ಇಲ್ಲ. ಮೇಸ್ತ್ರಿ ಸದ್ದು ಕೇಳಿಯೇ ಹೇಳುತ್ತಿದ್ದರು. ಪೆಟ್ರೋಲಿಗೆ ಎಥೆನಾಲ್ ಬೆರೆಸುವುದು ಹೆಚ್ಚಿದಾಗ, ಹಳೇ ರಬ್ಬರ್ ಪೈಪು ಅದನ್ನು ತಡೆಯುವುದಿಲ್ಲವೆಂದು ಸೋರುವ ಮುಂಚೆಯೇ ಬದಲಾಯಿಸಿದರು.

2023ರಲ್ಲಿ ಆರ್.ಸಿ. ನವೀಕರಣ ಬಂತು. ಹದಿನೈದು ವರ್ಷ ತುಂಬಿದ ಕಾರಿಗೆ ಐದೈದು ವರ್ಷಕ್ಕೊಮ್ಮೆ ಇದಾಗಬೇಕು. 600 ರೂಪಾಯಿ ಇದ್ದ ಶುಲ್ಕ 2022ರ ಏಪ್ರಿಲ್‌ನಿಂದ 5,000 ಆಗಿತ್ತು. ಹೋಗಲಿ, ಕಟ್ಟೋಣವೆಂದು ಮೊದಲು ಮೇಸ್ತ್ರಿಗೆ ತೋರಿಸಿದೆ. ಅವರು ಜಾಕ್ ಹಾಕಿ, ಕೆಳಗೆ ಮಲಗಿ, ನನ್ನನ್ನೂ ಬಗ್ಗಿ ನೋಡಲು ಹೇಳಿದರು. ಸ್ಕ್ರೂ ಡ್ರೈವರಿನಿಂದ ಮೆಲ್ಲಗೆ ಒತ್ತಿದರೆ ಅದು ತಳದೊಳಕ್ಕೆ ಹೂತಿತು. ಒಣ ಹಪ್ಪಳದಂತೆ ತುಕ್ಕು ಉದುರಿತು. ಅಮ್ಮ ಕೂರುವ ಸೀಟಿನ ನೇರ ಕೆಳಗೆ.

"ತಗಡು ಬಡಿದು ಕರಿ ಬಣ್ಣ ಬಳಿದ್ರೆ ಯಾರ್ಗೂ ಕಾಣ್ಸಲ್ಲ. ನಾ ಮಾಡಲ್ಲ ಅಕ್ಕಾವ್ರೆ."

ನನಗೆ ಸಿಟ್ಟೇ ಬಂತು. ಮಾತಾಡದೆ ಹೊರಟೆ. ಮಾರನೆಯ ದಿನ ನಮ್ಮೂರಿನ ಅದೇ ಹಳೆಯ ಗ್ಯಾರೇಜಿಗೆ ಹೋದೆ ಎಂದರೆ ನಂಬುತ್ತೀರಾ? ಕೆಳಗೆ ಬಗ್ಗಿಯೂ ನೋಡದೆ, "6,000 ಕೊಡಿ, ಎಲ್ಲ ಆಗತ್ತೆ" ಎಂದರು. ಕೀ ಅವರ ಕೈಗಿಡಲು ಚಾಚಿದ್ದೆ. ಹಿಂದಕ್ಕೆ ತೆಗೆದುಕೊಂಡೆ.

ಬಿಳಿ ಮಾರುತಿಯನ್ನು ಗುಜರಿಯವನು ಒಯ್ದ. ಒಯ್ಯುವ ಮುನ್ನ ಆ ಸ್ಟಿಯರಿಂಗ್ ಬಿಚ್ಚಿಸಿಟ್ಟುಕೊಂಡೆ. ಮಗ ನಕ್ಕ, ನಗಲಿ. ಸೆಕೆಂಡ್ ಹ್ಯಾಂಡ್ ಕಾರು ನೋಡಲು ಮೇಸ್ತ್ರಿಯನ್ನೇ ಕರೆದೆ. ಹೊಳೆಯುತ್ತಿದ್ದ ಎರಡು ಕಾರುಗಳನ್ನು ಬೇಡವೆಂದರು. ಮೂರನೆಯದು ಆಲ್ಟೊ, ಮಾರುವವರು ಅಮ್ಮನ ಮನೆ ಮುಂದೆಯೇ ತಂದು ನಿಲ್ಲಿಸಿದ್ದರು. ಅದೇ ಸ್ಕ್ರೂ ಡ್ರೈವರ್ ಹಿಡಿದು ಮೇಸ್ತ್ರಿ ಕೆಳಗೆ ತೂರಿದರು. ಬಹಳ ಹೊತ್ತು ಟಕ್ ಟಕ್ ಸದ್ದು ಮಾತ್ರ.

"ಏನಂತಪ್ಪ?" ಅಮ್ಮ ಜಗಲಿಯಿಂದಲೇ ಕೂಗಿದರು.

ಮೇಸ್ತ್ರಿ ಹೊರಬಂದು ಮೈ ಕೊಡವಿಕೊಂಡರು. "ಗಟ್ಟಿ ಅದೆ ಅವ್ವ. ರೇಟು ಮಾತ್ರ ನೀವುನೀವೇ ಮಾತಾಡ್ಕಳಿ, ನಾ ಅದಕ್ಕೆ ನಿಲ್ಲಲ್ಲ" ಎಂದು ಚೀಲ ಹೆಗಲಿಗೇರಿಸಿ ಹೊರಟೇಬಿಟ್ಟರು.